ರಕ್ಷಣೆಗೆ, ಅಂದರೆ ಪಾಪದಿಂದ ಬಿಡುಗಡೆ ಹೊಂದಿ ದೇವರನ್ನು ಸೇರುವುದಕ್ಕೆ, ನಂಬಿಕೆಯೊಂದೇ ಸಾಕೇ?

ಪರ: ಸಾಕು

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ದೀಕ್ಷಾಸ್ನಾನ ಪಡೆಯುವುದಕ್ಕಾಗಲಿ, ಕದ್ದದ್ದನ್ನು ಹಿಂದಿರುಗಿಸುವುದಕ್ಕಾಗಲಿ, ಯಾರಿಗಾದರೂ ಉಪಕಾರ ಮಾಡುವುದಕ್ಕಾಗಲಿ ವೇಳೆ ಉಳಿದಿರಲಿಲ್ಲ. ನಿನ್ನ ರಾಜ್ಯದಲ್ಲಿ ನನ್ನನ್ನು ನೆನೆಸಿಕೋ ಎಂಬ ಬಿನ್ನಹವೊಂದೇ ಅವನಲ್ಲಿದ್ದದ್ದು. ಆ ದಿನವೇ ಪರದೈಸು, ಅಂದರೆ ಸ್ವರ್ಗ, ಸೇರುವೆಯೆಂಬ ಭರವಸೆ ಅವನಿಗೆ ದೊರೆಯಿತೆಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಕ್ರೈಸ್ತ ಜೀವನದಲ್ಲಿ ನಂಬಿಕೆಯೆಂದರೆ ಇದೇ: ಬರಿಗೈಯಲ್ಲಿ ನಿಂತು ದೇವರ ಮೇಲೆ ಭಾರ ಹಾಕುವುದು.

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನು ಇಸ್ರಾಯೇಲರ ಮೂಲಪುರುಷನಾದ ಅಬ್ರಹಾಮನನ್ನು ನಿದರ್ಶನವಾಗಿ ತರುತ್ತಾನೆ. ದೇವರ ಮಾತನ್ನು ನಂಬಿದ್ದಕ್ಕಾಗಿ ಅಬ್ರಹಾಮನನ್ನು ನೀತಿವಂತನೆಂದು ಎಣಿಸಿದ್ದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೆಯ ಅಧ್ಯಾಯದಲ್ಲಿ; ಸುನ್ನತಿಯ ಆಜ್ಞೆ ಬರುವುದು 17ರಲ್ಲಿ; ಮೋಶೆಯ ಧರ್ಮಶಾಸ್ತ್ರವಂತೂ ಶತಮಾನಗಳ ಅನಂತರದ್ದು. ಆಚರಣೆಗೆ ಮೊದಲೇ ಅಂಗೀಕಾರ ದೊರೆತಿರುವಾಗ, ಆಚರಣೆಯನ್ನೇ ಅಂಗೀಕಾರದ ಷರತ್ತಾಗಿಸಲು ಯಾರಿಗೆ ಅಧಿಕಾರವಿದೆ?

ಸತ್ಕಾರ್ಯಗಳ ಲೆಕ್ಕ ಇಡಲು ಹೊರಟವನಿಗೆ ನೆಮ್ಮದಿಯೂ ಇಲ್ಲ. 1505ರಲ್ಲಿ ಜರ್ಮನಿಯ ಎರ್ಫರ್ಟಿನ ಮಠ ಸೇರಿದ, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆ, ಗಂಟೆಗಟ್ಟಲೆಯ ಪಾಪನಿವೇದನೆ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೂ ಹೇಳದೆ ಉಳಿದ ಪಾಪವೊಂದು ಇರಬಹುದೆಂಬ ಅಂಜಿಕೆ ಅವನನ್ನು ಬಿಡಲಿಲ್ಲ. ಜನಸಾಮಾನ್ಯರ ಇಂಥದೇ ಅಂಜಿಕೆಯನ್ನು ಬಂಡವಾಳ ಮಾಡಿಕೊಂಡು, ಪಾಪದ ದಂಡನೆಗೆ ವಿನಾಯಿತಿ ಕೊಡುವ ಪತ್ರಗಳ ಮಾರಾಟ ನಡೆಯುತ್ತಿತ್ತು. 1517ರಲ್ಲಿ ಅವನು ಎತ್ತಿದ ತಕರಾರು ಆ ವ್ಯಾಪಾರದ ವಿರುದ್ಧವೇ ಆಗಿತ್ತು.

ನಂಬಿಕೆಯೊಂದೇ ಸಾಕೆಂದರೆ ಜನರು ಕೈಕಟ್ಟಿ ಕೂರುತ್ತಾರೆಂಬ ಆಕ್ಷೇಪಕ್ಕೆ ಮಂಗಳೂರಿನಲ್ಲೇ ಉತ್ತರವಿದೆ. 1834ರಲ್ಲಿ ಅಲ್ಲಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಇದೇ ಬೋಧನೆಯಲ್ಲಿ ಬೆಳೆದವರು. ಶಾಲೆ, ಅಚ್ಚುಕೂಟ, ನೇಯ್ಗೆಗಳನ್ನು ಆರಂಭಿಸಿದ ಅವರು, ಮತಾಂತರಗೊಂಡು ಮನೆತನ, ಕಸುಬುಗಳನ್ನು ಕಳೆದುಕೊಂಡವರಿಗೆ ದುಡಿಮೆ ಬೇಕೆಂದು 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಸ್ವರ್ಗದ ಚಿಂತೆ ನೀಗಿದವರಿಗೆ ನೆರೆಯವರ ಚಿಂತೆಗೆ ಬಿಡುವು ಸಿಕ್ಕಿತೆನ್ನಬೇಕು.

ವಿರೋಧ: ಸಾಲದು

ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬನೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾನೆ. ಆದರೆ ಅವನು ನೆನಪಿಸುವುದು ಆದಿಕಾಂಡದ 22ನೆಯ ಅಧ್ಯಾಯವನ್ನು. ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದ ಕ್ರಿಯೆಯಲ್ಲಿಯೇ ಆ ನಂಬಿಕೆ ಪೂರ್ಣವಾಯಿತೆಂಬುದು ಅವನ ವಾದ. ಮೈಮುಚ್ಚಲು ಬಟ್ಟೆಯಿಲ್ಲದೆ, ಆ ದಿನದ ಊಟಕ್ಕೂ ಗತಿಯಿಲ್ಲದೆ ಎದುರಿಗೆ ನಿಂತ ಸಹೋದರನನ್ನು ಬೆಚ್ಚಗಿರು, ಹೊಟ್ಟೆತುಂಬ ಉಣ್ಣು ಎಂದು ಹರಸಿ, ಏನೂ ಕೊಡದೆ ಸಾಗಹಾಕುವವನ ನಂಬಿಕೆಯನ್ನು ಯಾಕೋಬನು ಸತ್ತ ನಂಬಿಕೆಯೆಂದೇ ಕರೆಯುತ್ತಾನೆ. ದೇವರೊಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆಂಬ ಅವನ ಚುಚ್ಚುಮಾತಿಗೆ ಲೂಥರನ ಬಳಿ ಸರಿಯಾದ ಉತ್ತರವಿತ್ತೆಂದು ನನಗೆ ತೋರುವುದಿಲ್ಲ. 1522ರಲ್ಲಿ ಲೂಥರನು ಯಾಕೋಬನ ಪತ್ರವನ್ನೇ ಒಣಹುಲ್ಲೆಂದು ಹೀಗಳೆದ.

ಕಳ್ಳನ ವಿಷಯಕ್ಕೆ ಬಂದರೂ, ಅವನ ಕೈಗಳು ಬಂಧನದಲ್ಲಿದ್ದವೇ ಹೊರತು ನಾಲಿಗೆಯಲ್ಲ. ಯೇಸುವನ್ನು ಹಂಗಿಸುತ್ತಿದ್ದ ಜೊತೆಗಾರನನ್ನು ಅವನು ಗದರಿದ. ತನಗಾದ ಶಿಕ್ಷೆ ನ್ಯಾಯವೆಂದು ಎಲ್ಲರೆದುರು ಒಪ್ಪಿಕೊಂಡ. ನಿರಪರಾಧಿಯ ಪರವಾಗಿ ಮಾತಾಡಿದ. ಉಳಿದಿದ್ದ ಗಳಿಗೆಯಲ್ಲಿ ಮಾಡಬಹುದಾಗಿದ್ದ ಕ್ರಿಯೆಗಳನ್ನೆಲ್ಲ ಅವನು ಮಾಡಿದ್ದನು.

ಕಥೋಲಿಕ ಸಭೆಯು ಸತ್ಕಾರ್ಯಗಳಿಂದ ಸ್ವರ್ಗವನ್ನು ಕೊಳ್ಳಬಹುದೆಂದು ಬೋಧಿಸುತ್ತದೆಂಬುದು ತಪ್ಪು ಗ್ರಹಿಕೆ. 1547ರಲ್ಲಿ ಲೂಥರನ ಬೋಧನೆಗೆ ಉತ್ತರವಾಗಿ ಕಥೋಲಿಕ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆಯು ಎಲ್ಲದರ ಮೊದಲು ದೇವರ ಕೃಪೆಯನ್ನೇ ಇಟ್ಟಿತು. ಆ ಕೃಪೆಗೆ ಮನುಷ್ಯನು ಸಮ್ಮತಿಸಿ ಸಹಕರಿಸಬೇಕು ಎಂದಿತು. 1999ರಲ್ಲಿ ಲೂಥರನ್ ಸಭೆಗಳ ಒಕ್ಕೂಟ ಮತ್ತು ಕಥೋಲಿಕ ಸಭೆ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಈ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿ ಬಹುಮಟ್ಟಿಗೆ ಹತ್ತಿರ ಬಂದಿವೆ. ಆದರೆ ದೈನಂದಿನ ಬದುಕಿನಲ್ಲಿ ನಂಬಿಕೆಯೊಂದೇ ಸಾಕೆಂಬ ಮಾತು ಎಷ್ಟು ಸುಲಭವಾಗಿ ನೆಪವಾಗಬಲ್ಲದೆಂಬುದನ್ನು ಲೂಥರನ್ ಪಾದ್ರಿಯಾಗಿದ್ದ ಡೀಟ್ರಿಕ್ ಬಾನ್‌ಹೋಫರ್ ಚೆನ್ನಾಗಿ ಕಂಡಿದ್ದನು. ಹಿಟ್ಲರನಿಗೆ ಅನೇಕ ಕ್ರೈಸ್ತರು ತಲೆಬಾಗಿದ್ದ 1937ರಲ್ಲಿ, ಹಿಂಬಾಲಿಸುವ ಹೊಣೆಯಿಲ್ಲದ ಕೃಪೆಯನ್ನು ಅವನು ಅಗ್ಗದ ಕೃಪೆಯೆಂದು ಖಂಡಿಸಿದನು. 1945ರ ಏಪ್ರಿಲಿನಲ್ಲಿ ನಾಜಿಗಳು ಅವನನ್ನು ಗಲ್ಲಿಗೇರಿಸಿದರು.

ಬೆಟ್ಟವನ್ನು ಕದಲಿಸುವ ನಂಬಿಕೆಯಿದ್ದರೂ ಪ್ರೀತಿಯಿಲ್ಲದಿದ್ದರೆ ತಾನು ಏನೂ ಅಲ್ಲವೆಂದು ಕೊರಿಂಥದವರಿಗೆ ಬರೆದವನು ಪೌಲನೇ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಅಂತಿಮ ನ್ಯಾಯತೀರ್ಪಿನಲ್ಲಿ ಅಂಗೀಕಾರ ಪಡೆದ ಬಲಗಡೆಯವರೂ ತಿರಸ್ಕೃತರಾದ ಎಡಗಡೆಯವರೂ ನ್ಯಾಯಾಧಿಪತಿಯನ್ನು ಸ್ವಾಮೀ ಎಂದೇ ಕರೆಯುತ್ತಾರೆ. ಅವರನ್ನು ಬೇರ್ಪಡಿಸುವುದು ಹಸಿದವನಿಗೆ ಕೊಟ್ಟ ಅಥವಾ ಕೊಡದೆ ಹೋದ ಊಟ, ಸೆರೆಯಲ್ಲಿದ್ದವನನ್ನು ನೋಡಲು ಹೋದದ್ದು ಅಥವಾ ಹೋಗದಿದ್ದದ್ದು.