ಲಾಲ್‌ಬಾಗ್ ಬಂಡೆ ಜಗತ್ತಿನಲ್ಲೇ ಹಳೆಯದಾ?

ಬೆಂಗಳೂರಿನ ಲಾಲ್‌ಬಾಗ್ ಬಂಡೆಯೇ ಪ್ರಪಂಚದ ಅತಿ ಹಳೆಯ ಕಲ್ಲು ಅನ್ನೋ ಮೆಸೇಜು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಓದಿದರೆ ಖುಷಿಯಾಗುತ್ತದೆ, ಆದರೆ ನಿಜವಲ್ಲ.

ಕೆಂಪೇಗೌಡ ಗೋಪುರ ನಿಂತಿರುವ ಈ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಸರಿ. ಇದು ಪೆನಿನ್ಸುಲರ್ ನೈಸ್ ಎಂಬ ಜಾತಿಯ ಕಲ್ಲು; ನೈಸ್ ಅಂದರೆ ಪಟ್ಟೆಪಟ್ಟೆಯಾಗಿರುವ ಕಲ್ಲು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅನ್ನೋ ಬೋರ್ಡು ಅಲ್ಲೇ ಇದೆ. ಆದರೆ ಕೆನಡಾದ ಅಕಾಸ್ಟಾ ನೈಸ್‌ಗೆ ಸುಮಾರು 400 ಕೋಟಿ ವರ್ಷ. ಅಷ್ಟು ದೂರ ಯಾಕೆ, ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕಡೆ ಸುಮಾರು 330 ಕೋಟಿ ವರ್ಷದ ಕಲ್ಲಿದೆ!

ವಯಸ್ಸು ಗೊತ್ತಾಗೋದು ಹೇಗೆ? ಸುಮ್ನೆ ನೋಡಿ ಹೇಳೋಕಾಗಲ್ಲ. ಭೂವಿಜ್ಞಾನಿಗಳು ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ ಹಿಡಿದು ಹೋಗುತ್ತಾರೆ. ಮಳೆ ಬಿಸಿಲಿಗೆ ಹಾಳಾಗದ ತಾಜಾ ಕಲ್ಲು ಹುಡುಕಿ, ಜಾಗ ಗುರುತು ಹಾಕಿಕೊಂಡು ತುಂಡು ತರುತ್ತಾರೆ. ಅದನ್ನು ಪುಡಿ ಮಾಡಿ ಜಿರ್ಕಾನ್ ಎಂಬ ಸಣ್ಣ ಹರಳು ಆರಿಸುತ್ತಾರೆ. ಮರಳಿನ ಕಣದಷ್ಟೇ ಇರುತ್ತದೆ, ತಾಳ್ಮೆ ಬೇಕು. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಮ್ಮಿ ಬಿಟ್ಟುಕೊಳ್ಳುವುದೇ ಇಲ್ಲ. ಆಮೇಲೆ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಅರ್ಧ ಭಾಗ ಹೀಗೆ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ಲೆಕ್ಕ ಸಿಗುತ್ತದೆ.

ಗೊಂದಲ ಹುಟ್ಟುವುದೂ ಇಲ್ಲೇ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಸುಮಾರು 440 ಕೋಟಿ ವರ್ಷದ್ದು. ಆದರೆ ಅದು ಕೂತಿರುವ ಕಲ್ಲು ವಯಸ್ಸಿನಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದು. ಹಳೇ ಮರಳು ಹಾಕಿ ಹೊಸ ಗೋಡೆ ಕಟ್ಟಿದ ಹಾಗೆ, ಅಲ್ವಾ? ಹರಳಿನ ವಯಸ್ಸನ್ನೇ ಕಲ್ಲಿನ ವಯಸ್ಸು ಅಂದುಕೊಳ್ಳುವಂತಿಲ್ಲ.

ಅಂದಹಾಗೆ, ಲಾಲ್‌ಬಾಗ್‌ಗೆ ಹೋದರೆ ಬಂಡೆಯ ಮೇಲಿನ ಕಪ್ಪು ಬಿಳಿ ಪಟ್ಟೆಗಳನ್ನು ನೋಡಿ. ನೈಸ್‌ನ ಗುರುತೇ ಅದು.