ನೈಂಟಿ ಎಣ್ಣೆ

ಹೆಂಡತಿಯ ಕೆನೆ ಬಣ್ಣದ ರೇಷ್ಮೆ ಸೀರೆಯ ಮೇಲೆ ಕಪ್ಪು ಚುಕ್ಕೆಗಳ ಸಾಲು ಬಿದ್ದ ದಿನದಿಂದ ನಾನು ಬೈಕಿನ ಚೈನಿನ ಬಗ್ಗೆ ಯೋಚನೆ ಮಾಡತೊಡಗಿದೆ. ಅಲ್ಲಿಯವರೆಗೆ ಅದು ಹಿಂದಿನ ಚಕ್ರದ ಪಕ್ಕ ಇರುವ, ಮುಟ್ಟಿದರೆ ಕೈ ಮಸಿಯಾಗುವ ಒಂದು ವಸ್ತು, ಅಷ್ಟೆ. ಅವತ್ತು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಮದುವೆಗೆ ಹೊರಟಿದ್ದೆವು. ಸುಮಾರು 60 ಕಿಲೋಮೀಟರು. ಚೈನು ಕಿರ್ ಕಿರ್ ಅನ್ನುತ್ತಿತ್ತು. ಎಂಜಿನ್ನಿಂದ ಇಳಿಸಿದ ಹಳೇ ಆಯಿಲು ಒಂದು ಬಾಟಲಿಯಲ್ಲಿತ್ತು, ಧಾರಾಳವಾಗಿ ಸುರಿದೆ. ಶಬ್ದ ನಿಂತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಛತ್ರದ ಮುಂದೆ ಇಳಿದರೆ ಸೀರೆಗೆ ಹೊಸ ಡಿಸೈನು ಬಂದಿತ್ತು. ಸೀರೆ ಉಟ್ಟವರು ಎಡಕ್ಕೆ ಕಾಲು ಹಾಕಿ ಕೂರುತ್ತಾರೆ. ನನ್ನ ಗಾಡಿಯ ಚೈನೂ ಎಡಕ್ಕೇ ಇದೆ. ಸೀರೆ ಗಾರ್ಡು ಕಾಪಾಡುವುದು ಚಕ್ರದಿಂದ ಮಾತ್ರ, ಎಣ್ಣೆಯಿಂದ ಅಲ್ಲ.

ಆಮೇಲೆ ಸಿಕ್ಕಸಿಕ್ಕವರನ್ನು ಕೇಳಿದೆ. ಚೈನಿಗೆ ಯಾವ ಎಣ್ಣೆ ಹಾಕಬೇಕು? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ನಮ್ಮೂರಿನಲ್ಲಿ ಒಬ್ಬರೂ ಇಲ್ಲ. ಪಕ್ಕದ ಮನೆಯವರು ಗ್ರೀಸು ಮೆತ್ತಿ ಅಂದರು. ಮೆತ್ತಿದೆ. ಗ್ರೀಸು ಒಳಗೆ ಇಳಿಯದೆ ಹೊರಗೇ ಕೂತು, ರಸ್ತೆಯ ಧೂಳನ್ನೆಲ್ಲ ಅಂಟಿಸಿಕೊಂಡಿತು. ಧೂಳು ಸೇರಿದ ಗ್ರೀಸು ಅಂದರೆ ಉಜ್ಜುವ ಪೇಸ್ಟು. ಚೈನನ್ನೂ, ಅದು ಸುತ್ತುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್ಟಿನ ಹಲ್ಲನ್ನೂ ನಾನೇ ಸಾಣೆ ಹಿಡಿಯುತ್ತಿದ್ದೆ. ಬೆಂಗಳೂರಿನ ಅಳಿಯ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಿರಿ ಅಂದ. ಆ ಹೆಸರಿನ ಅರ್ಥವೇ ನೀರನ್ನು ಓಡಿಸುವುದು, 40ನೇ ಪ್ರಯತ್ನಕ್ಕೆ ಸಿಕ್ಕ ಮಿಶ್ರಣ. ನೀರು ಓಡಿಸುತ್ತದೆ, ಜಿಡ್ಡು ಬಿಡಿಸುತ್ತದೆ, ಸರಿ. ಆದರೆ ಅದು ತೆಳು, ಚೈನಿನ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ದೊಡ್ಡಪ್ಪನದು ಬೇರೆಯೇ ಕಾಲ. ಅವರ ಎತ್ತಿನ ಗಾಡಿಯಲ್ಲಿ ಬಿದಿರಿನ ಗೊಟ್ಟದ ತುಂಬ ಕೀಲೆಣ್ಣೆ ನೇತಾಡುತ್ತಿತ್ತಂತೆ. ಹರಳೆಣ್ಣೆಗಿಂತ ಒಳ್ಳೇದು ಬೇರೆ ಯಾವುದೂ ಇಲ್ಲ ಕಣೋ ಅಂದರು. ಅದನ್ನು ಪರೀಕ್ಷೆ ಮಾಡುವ ಧೈರ್ಯ ಬರಲಿಲ್ಲ.

ಕೊನೆಗೆ ಮೆಕ್ಯಾನಿಕ್ಕು ತಲೆ ಎತ್ತದೆ ಹೇಳಿದ: ‘ಸುಮ್ನೆ ನೈಂಟಿ ಹಾಕಿ ಸಾರ್.’

ನೈಂಟಿ ಅಂದರೆ ಗೇರ್ ಆಯಿಲು. ಡಬ್ಬದ ಮೇಲೆ 80ಡಬ್ಲ್ಯೂ-90 ಅಂತಲೋ ಬರೀ 90 ಅಂತಲೋ ಬರೆದಿರುತ್ತದೆ. ಎಂಜಿನ್ ಆಯಿಲಿಗಿಂತ ಅಂಟು ಜಾಸ್ತಿ, ಹಾಗಾಗಿ ಸೀರೆಯ ಕಡೆಗೆ ಹಾರುವುದು ಕಡಿಮೆ. ಗ್ರೀಸಿನಷ್ಟು ಗಟ್ಟಿಯಲ್ಲ, ಹಾಗಾಗಿ ಸಂದಿಗೆ ಇಳಿಯುತ್ತದೆ. ಚೈನಿಗೆಂದೇ ಮಾಡಿದ ಸ್ಪ್ರೇ ಇನ್ನೂ ಚೆನ್ನ, ಒಪ್ಪುತ್ತೇನೆ. ನೀರಿನಂತೆ ಒಳಗೆ ಹೋಗಿ, ಆಮೇಲೆ ಅಂಟಾಗಿ ನಿಲ್ಲುತ್ತದೆ. ಆದರೆ ಆ ಪುಟ್ಟ ಡಬ್ಬದ ಬೆಲೆ ನೋಡಿದರೆ ಚೈನಿಗಿಂತ ಮೊದಲು ನನ್ನ ಕೈ ಜಾರುತ್ತದೆ.

ಒಂದೇ ತೊಂದರೆ. ನಮ್ಮಲ್ಲಿ ‘ಎಣ್ಣೆ’ ಅಂದರೂ ಇನ್ನೊಂದು ಅರ್ಥ, ‘ನೈಂಟಿ’ ಅಂದರೂ ಇನ್ನೊಂದು ಅರ್ಥ. ‘ಭಾನುವಾರ ಸಂಜೆ ಫ್ರೀನಾ?’ ಅಂತ ಗೆಳೆಯ ಫೋನು ಮಾಡಿದಾಗ ‘ಇಲ್ಲ ಮಾರಾಯ, ನೈಂಟಿ ಹಾಕೋದಿದೆ’ ಅಂದೆ. ‘ಒಬ್ಬನೇನಾ?’ ಅಂದ, ತುಂಬ ನೋವಿನಿಂದ.

ಇಷ್ಟೆಲ್ಲ ಚರ್ಚೆ ಮಾಡಿದ ಮೇಲೆ ಒಂದು ವಿಷಯ ತಿಳಿಯಿತು, ಸ್ವಲ್ಪ ಅವಮಾನವೇ ಆಯಿತು. ಈಗಿನ ಹೆಚ್ಚಿನ ದೊಡ್ಡ ಬೈಕುಗಳದ್ದು, ನನ್ನದೂ ಸೇರಿ, ಓ-ರಿಂಗ್ ಚೈನು. ಪ್ರತಿ ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ಬುಷ್ಷು ಎಂಬ ಸಣ್ಣ ಕೊಳವೆ, ಅದರ ಮೇಲೆ ಉರುಳುವ ರೋಲರು. ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾಡಿದ ಏರ್ಪಾಡು ಇದು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಪಿನ್ನು ಬುಷ್ಷುಗಳ ನಡುವೆ ಕಾರ್ಖಾನೆಯಲ್ಲೇ ಗ್ರೀಸು ತುಂಬಿ, ಎರಡೂ ಬದಿಗೆ ಓ-ರಿಂಗ್ ಎಂಬ ಸಣ್ಣ ರಬ್ಬರ್ ಬಳೆ ತೊಡಿಸಿ ಮುಚ್ಚಿರುತ್ತಾರೆ. ಚೈನು ಉದ್ದವಾಯಿತು ಅನ್ನುತ್ತೇವಲ್ಲ, ಕಬ್ಬಿಣ ರಬ್ಬರಿನ ಹಾಗೆ ಜಗ್ಗಿದ್ದಲ್ಲ. ಆ ಪಿನ್ನು ಬುಷ್ಷುಗಳು ಸವೆದದ್ದು. ನೂರರ ಆಸುಪಾಸು ಕೊಂಡಿಗಳು ಒಂದೊಂದು ಕೂದಲೆಳೆ ಸವೆದರೂ ಒಟ್ಟಿಗೆ ಸೇರಿ ಕಣ್ಣಿಗೆ ಕಾಣುತ್ತದೆ. ಅಂದರೆ ಎಣ್ಣೆ ನಿಜವಾಗಿ ಬೇಕಾದ ಜಾಗಕ್ಕೆ ನನ್ನ ನೈಂಟಿ ಹೋಗುವುದೇ ಇಲ್ಲ. ಹೊರಗಿನ ರೋಲರು, ಸ್ಪ್ರಾಕೆಟ್ಟು, ಆ ರಬ್ಬರ್ ಬಳೆ, ಇವಿಷ್ಟಕ್ಕೆ ನನ್ನ ಸೇವೆ. ಬಾಗಿಲಿಗೆ ತೋರಣ ಕಟ್ಟುವವನು ನಾನು. ಒಳಗೆ ಅಡುಗೆ ಆಗಲೇ ಆಗಿಹೋಗಿದೆ.

ಹಾಗಂತ ಬಿಟ್ಟರೂ ಆಗುವುದಿಲ್ಲ. ಬಳೆ ಒಣಗಿ ಬಿರುಕು ಬಿಟ್ಟರೆ ಒಳಗಿನ ಗ್ರೀಸು ಹೊರಗೆ, ಹೊರಗಿನ ಮಳೆ ಒಳಗೆ. ಅದಕ್ಕೇ ಪೆಟ್ರೋಲಿನಲ್ಲಿ ಚೈನು ತೊಳೆಯಬಾರದು. ರಬ್ಬರು ಹಾಳಾಗುತ್ತದೆ. ಸೀಮೆಎಣ್ಣೆ ಒಳ್ಳೇದು, ಆದರೆ ಈಗ ಅದನ್ನು ಹುಡುಕುವುದೇ ಒಂದು ಪ್ರವಾಸ. ನಾನು ಡೀಸೆಲ್ಲು ಮತ್ತು ಒಂದು ಹಳೇ ಟೂತ್‌ಬ್ರಷ್ಷಿನಲ್ಲಿ ಸುಧಾರಿಸುತ್ತೇನೆ. ಬ್ರಷ್ಷು ನಿಜವಾಗಿ ಹಳೇದೇ ಅಂತ ಮನೆಯಲ್ಲಿ ಪ್ರಮಾಣ ಮಾಡಬೇಕಾಗುತ್ತದೆ.

500 ಕಿಲೋಮೀಟರಿಗೊಮ್ಮೆ ನನ್ನ ಲೆಕ್ಕ. ಮಳೆಗಾಲದಲ್ಲಿ ಲೆಕ್ಕ ನಡೆಯುವುದಿಲ್ಲ. ಆಗುಂಬೆ ಕಡೆ ಒಂದು ದಿನ ನೆನೆದು ಬಂದರೆ ಬೆಳಗಾಗುವಷ್ಟರಲ್ಲಿ ಚೈನಿಗೆ ಕಾವಿ ಬಣ್ಣ ಬಂದಿರುತ್ತದೆ. ಸುತ್ತಾಡಿ ಬಂದು ಚೈನು ಬೆಚ್ಚಗಿರುವಾಗಲೇ ಹಚ್ಚಬೇಕು, ಎಣ್ಣೆ ಚೆನ್ನಾಗಿ ಹರಡುತ್ತದೆ. ಸೆಂಟರ್ ಸ್ಟ್ಯಾಂಡು ಹಾಕಿ, ನ್ಯೂಟ್ರಲ್ಲಿಗೆ ತಂದು, ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಎಂಜಿನ್ ಶುರು ಮಾಡಿ ಗೇರಿಗೆ ಹಾಕಿ ತಿರುಗಿಸುವ ಶೂರರಿದ್ದಾರೆ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬೆರಳು ಸಿಕ್ಕರೆ ಅದು ಬೆರಳು ಅಂತ ಚೈನಿಗೆ ಗೊತ್ತಾಗುವುದಿಲ್ಲ. ಎಣ್ಣೆ ಬೀಳಬೇಕಾದ್ದು ಕೆಳಗಿನ ಸಾಲಿನ ಒಳಮೈಗೆ. ಚಕ್ರ ತಿರುಗುವಾಗ ಅದು ತಾನಾಗಿ ಹೊರಕ್ಕೆ ಸರಿಯುತ್ತದೆ. ನಾನು ಸೂಜಿ ತೆಗೆದ ಸಿರಿಂಜಿನಲ್ಲಿ ಒಂದೊಂದು ರೋಲರಿಗೆ ಒಂದೊಂದು ತೊಟ್ಟು ಬಿಡುತ್ತೇನೆ. ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇನೆ. ಈ ಒರೆಸುವುದೇ ಕಷ್ಟ. ಕಾಸು ಕೊಟ್ಟು ತಂದ ಎಣ್ಣೆಯನ್ನು ಒರೆಸಿ ಬಿಸಾಡಲು ನಮ್ಮ ಕೈ ಬರುತ್ತದಾ?

ಆಯುಧಪೂಜೆಯ ದಿನ ಹೆಡ್‌ಲೈಟಿಗೆ ವಿಭೂತಿ, ಹ್ಯಾಂಡಲಿಗೆ ಸೇವಂತಿಗೆ ಹಾರ, ಟೈರಿನ ಕೆಳಗೆ ನಿಂಬೆಹಣ್ಣು. ಚೈನಿಗೆ ಮಾತ್ರ ಏನೂ ಇಲ್ಲ. ಇಡೀ ಗಾಡಿಯನ್ನು ಎಳೆಯುವುದು ಅದೇ, ಅಲ್ವಾ? ಹೋದ ವರ್ಷ ಒಂದು ಹೂವು ಸಿಕ್ಕಿಸಿ ನೋಡಿದೆ. ಗೇಟು ದಾಟುವಷ್ಟರಲ್ಲಿ ಅದನ್ನು ಅರೆದು ಹಾಕಿತು.

ಕಳೆದ ತಿಂಗಳು ಮತ್ತೊಂದು ಮದುವೆ, ಮತ್ತೆ ತೀರ್ಥಹಳ್ಳಿ. ಹೆಂಡತಿ ಬೀರು ತೆಗೆದು ನಿಂತು, ಅಲ್ಲಿಂದಲೇ ಗಟ್ಟಿಯಾಗಿ ಕೇಳಿದಳು.

‘ಎಣ್ಣೆ ಯಾವಾಗ ಹಾಕಿದ್ರಿ?’

‘ನಿನ್ನೆ ರಾತ್ರಿ.’

‘ಯಾವುದು?’

‘ನೈಂಟಿ.’

‘ಒರೆಸಿದ್ರಾ?’

ನಾನು ಮಾತಾಡಲಿಲ್ಲ. ಅವಳು ಕಡು ನೀಲಿ ಸೀರೆ ತೆಗೆದಳು. ಕಾಂಪೌಂಡಿನ ಆಚೆ ಪಕ್ಕದ ಮನೆಯವರ ಪೊರಕೆ ಶಬ್ದ ನಿಂತುಹೋಗಿತ್ತು.