ಸ್ಪಷ್ಟನೆ: ಶಿಕ್ಷಕರ ತರಬೇತಿ ದುಡ್ಡು ದಂಡವಲ್ಲ

'ಬಡ ದೇಶಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಎಷ್ಟು ತರಬೇತಿ ಕೊಟ್ಟರೂ ಮಕ್ಕಳ ಓದು ಸುಧಾರಿಸುವುದಿಲ್ಲ, ಸುಮ್ನೆ ಖರ್ಚು' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ತರಬೇತಿ ಹೇಗೆ ಕೊಡುತ್ತಾರೆ ಎಂಬುದನ್ನು ಇದು ನೋಡುವುದೇ ಇಲ್ಲ.

ದಕ್ಷಿಣ ಆಫ್ರಿಕಾದ ನಾರ್ತ್ ವೆಸ್ಟ್ ಪ್ರಾಂತ್ಯದಲ್ಲಿ 2015 ಮತ್ತು 2016ರಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಸೆಟ್ಸ್ವಾನಾ ಮಾತಾಡುವ ಮಕ್ಕಳ ಶಾಲೆಗಳವು. 50 ಶಾಲೆಗಳ ಶಿಕ್ಷಕರನ್ನು ಒಂದು ಕಡೆ ಸೇರಿಸಿ ಕೆಲವು ದಿನ ತರಬೇತಿ ಕೊಟ್ಟರು. ಇನ್ನೂ 50 ಶಾಲೆಗಳಿಗೆ ಮಾರ್ಗದರ್ಶಕರೇ ಹೋದರು. ತರಗತಿಯಲ್ಲಿ ಕೂತು ಪಾಠ ನೋಡಿದರು, ಎಲ್ಲಿ ಎಡವುತ್ತಿದೆ ಎಂದು ಅಲ್ಲೇ ತಿಳಿಸಿದರು. ಪಾಠ ಯೋಜನೆ, ಓದುವ ಪುಸ್ತಕ ಎರಡೂ ಕಡೆ ಒಂದೇ.

ಮಾರ್ಗದರ್ಶಕರು ಹೋದ ಶಾಲೆಗಳ ಮಕ್ಕಳ ಓದಿನಲ್ಲಿ ಕಂಡ ಸುಧಾರಣೆ ಇನ್ನೊಂದು ಗುಂಪಿನ ಸುಮಾರು ಎರಡರಷ್ಟಿತ್ತು. ನನಗೆ ಇದು ಅಚ್ಚರಿಯಲ್ಲ. ಸಭಾಂಗಣದಲ್ಲಿ ಕೇಳಿಸಿಕೊಳ್ಳುವುದು ಬೇರೆ, ಗದ್ದಲದ ತರಗತಿಯಲ್ಲಿ ಮಾಡಿ ತೋರಿಸುವುದು ಬೇರೆ, ಅಲ್ವಾ?

ಶಾಲೆಗೇ ಹೋಗುವ ಕ್ರಮಕ್ಕೆ ಖರ್ಚು ಜಾಸ್ತಿ, ನಿಜ. ಆದರೆ ಹಾಕಿದ ಹಣಕ್ಕೆ ಸಿಕ್ಕ ಕಲಿಕೆಯೂ ಅದರಲ್ಲೇ ಹೆಚ್ಚು.